‘ರನ್’ ಅಂದರೆ ಬರೀ ಓಟ ಅಲ್ಲ

ಪ್ರಶ್ನೆ: ಮಗಳು ಹತ್ತನೇ ಕ್ಲಾಸು. ‘ರನ್’ ಅಂದರೆ ಓಡು ಎಂದು ಬಾಯಿಪಾಠ ಮಾಡಿದ್ದಾಳೆ. ಈಗ ಮೂಗು ಸೋರುವುದಕ್ಕೂ ಅಂಗಡಿ ನಡೆಸುವುದಕ್ಕೂ ಅದೇ ಪದ ಕಂಡು ತಲೆ ಕೆಡಿಸಿಕೊಂಡಿದ್ದಾಳೆ. ಹೇಗೆ ಹೇಳಿಕೊಡಲಿ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಅವಳ ಗೊಂದಲ ಸಹಜ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನವರು ಈ ಒಂದು ಕ್ರಿಯಾಪದಕ್ಕೇ 645 ಅರ್ಥ ಗುರುತಿಸಿದ್ದಾರೆ. ಅಷ್ಟನ್ನೂ ಉರು ಹೊಡೆಯೋದು ಬೇಡ. ನಿಲ್ಲದೆ ಸಾಗುವುದು ಅನ್ನೋ ಭಾವ ಹಿಡಿದರೆ ಸಾಕು, ಬಹುತೇಕ ಅರ್ಥಗಳು ತಾವೇ ಬಿಡಿಸಿಕೊಳ್ಳುತ್ತವೆ. ನಲ್ಲಿ ನೀರು ರನ್ ಆಗುತ್ತೆ, ನೆಗಡಿಯಾದರೆ ಮೂಗು ರನ್ ಆಗುತ್ತೆ, ಹೊಸ ಸೀರೆ ನೆನೆಸಿದಾಗ ಬಣ್ಣ ಬಿಟ್ಟು ಪಕ್ಕದ ಬಿಳಿ ಅಂಗಿಗೆ ಹತ್ತುತ್ತಲ್ಲ, ಅದಕ್ಕೂ ರನ್ ಅಂತಲೇ ಹೇಳೋದು. ನಿಮ್ಮೂರಿನ ಮಂಡಕ್ಕಿ ಭಟ್ಟಿ ನಡೆಸುವುದೂ ರನ್ ಮಾಡುವುದೇ.

ನನಗೆ ತುಂಬಾ ಇಷ್ಟವಾದದ್ದು ಚುನಾವಣೆಯ ಮಾತು. ನಾವು ಚುನಾವಣೆಗೆ ನಿಲ್ಲುತ್ತೇವೆ. ಬ್ರಿಟನ್ನಿನವರೂ ‘ಸ್ಟ್ಯಾಂಡ್’ ಅಂತಾರೆ. ಅಮೆರಿಕದ ಅಭ್ಯರ್ಥಿ ಮಾತ್ರ ‘ರನ್’ ಮಾಡುತ್ತಾನೆ!

ಪಕ್ಕದ ಪುಟ್ಟ ಪದವನ್ನೂ ನೋಡಬೇಕು. ‘ರನ್ ಔಟ್’ ಕ್ರಿಕೆಟ್ಟಿನಲ್ಲಿ ಒಂದು, ಪೆಟ್ರೋಲ್ ಖಾಲಿಯಾದಾಗ ಇನ್ನೊಂದು. ‘ರನ್ ಇಂಟು’ ಅಂದರೆ ಪಿ.ಬಿ. ರಸ್ತೆಯಲ್ಲಿ ಹಳೇ ಗೆಳತಿ ಅಚಾನಕ್ಕಾಗಿ ಸಿಗುವುದೂ ಆಗಬಹುದು, ಗಾಡಿ ಹೋಗಿ ಕಂಬಕ್ಕೆ ಗುದ್ದುವುದೂ ಆಗಬಹುದು.

ನಾವೂ ಬೀಗ, ಬಟ್ಟೆ, ಸಹಿ, ಕೇಸು ಎಲ್ಲವನ್ನೂ ‘ಹಾಕು’ತ್ತೇವೆ. ಯಾರೂ ಪಟ್ಟಿ ಓದಿ ಕಲಿತಿಲ್ಲ, ಅಲ್ವಾ? ಅವಳೂ ಪದ ಒಂದನ್ನೇ ಬರೆಯದೆ, ಸಿಕ್ಕ ಇಡೀ ವಾಕ್ಯವನ್ನೇ ನೋಟ್‌ಬುಕ್ಕಿನಲ್ಲಿ ಬರೆದಿಡಲಿ.