ಮದುವೆಗೆ ಹೋಗಲೊಲ್ಲದ ಅಮ್ಮ

'ಅಮ್ಮ ಯಾಕೋ ಮಂಕಾಗಿದ್ದಾರೆ, ಎಲ್ಲಿಗೂ ಬರಲ್ಲ ಅಂತಾರೆ' ಎಂದು ಐವತ್ತು ದಾಟಿದ ತಾಯಂದಿರನ್ನು ಆಪ್ತಸಲಹೆಗಾರ್ತಿಯಾದ ನನ್ನ ಬಳಿಗೆ ಕರೆತರುವ ಮಕ್ಕಳು ಈಚೆಗೆ ಹೆಚ್ಚು. ಅಂಥ ಒಂದು ಪ್ರಕರಣವನ್ನು ಗುರುತು ಸಿಗದಂತೆ ಬದಲಿಸಿ ಬರೆದಿದ್ದೇನೆ.

ಆಕೆಗೆ ಅರವತ್ತರ ಆಸುಪಾಸು. ಗಂಡ ತೀರಿಕೊಂಡಿದ್ದರಿಂದ ಇದು ಖಿನ್ನತೆಯೇ ಎಂದು ಮಗ, ಸೊಸೆ ತೀರ್ಮಾನಿಸಿಕೊಂಡೇ ಬಂದಿದ್ದರು. ಸ್ವಂತ ತಂಗಿಯ ಮಗಳ ಮದುವೆಗೂ ಆಕೆ ಹೋಗಿರಲಿಲ್ಲ. ನೀರು ಕುಡಿಯುವುದನ್ನೂ ಕಡಿಮೆ ಮಾಡಿದ್ದರು. ಸೊಸೆ ಅದಕ್ಕೆ 'ಹಟ' ಎಂದರು.

ಮುಂದಿನ ಭೇಟಿಯಲ್ಲಿ ಅವರಿಬ್ಬರನ್ನೂ ಹೊರಗೆ ಕೂರಿಸಿದೆ. ಮದುವೆಗೆ ಯಾಕೆ ಹೋಗಲಿಲ್ಲ ಎಂದರೆ ಉತ್ತರವಿಲ್ಲ. 'ಹೋಗಿದ್ದರೆ ಏನು ಕಷ್ಟ ಆಗ್ತಿತ್ತಮ್ಮ?' ಎಂದೆ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಸಣ್ಣ ದನಿಯಲ್ಲಿ ಹೇಳಿದರು: 'ಛತ್ರದಲ್ಲಿ ಕುಕ್ಕರುಗಾಲಲ್ಲಿ ಕೂರೋ ಕಕ್ಕಸು ಮೇಡಂ. ಕೂತರೆ ಏಳಕ್ಕಾಗಲ್ಲ. ಒಂದ್ಸಲ ನಲ್ಲಿ ಹಿಡ್ಕೊಂಡು ಎದ್ದೆ, ನಲ್ಲೀನೇ ಕಿತ್ತು ಬಂತು. ಇದನ್ನ ಮಗನ ಹತ್ರ ಹೇಗೆ ಹೇಳಲಿ?'

ನೀರು ಬಿಟ್ಟಿದ್ದೂ ಅದಕ್ಕೇ.

ಆಮೇಲೆ ನಾನು ಕೇಳಿದ್ದೆಲ್ಲ ಮಂಡಿಯ ವಿಚಾರ. ಬೆಳಿಗ್ಗೆ ಎದ್ದಾಗ ಮಂಡಿ ಮರಗಟ್ಟಿದಂತೆ, ಕಾಫಿ ಕುಡಿಯುವ ಹೊತ್ತಿಗೆ ಸಡಿಲ. ಧಾರಾವಾಹಿ ನೋಡಿ ಎದ್ದರೆ ಮೊದಲ ನಾಲ್ಕು ಹೆಜ್ಜೆ ಕಷ್ಟ. ಮೆಟ್ಟಿಲು ಇಳಿಯುವಾಗ ಗೋಡೆ ಬೇಕು. ಮಡಚಿದರೆ ಕಟಕಟ ಸದ್ದು. ಕೆಲಸ ಮಾಡಿದಷ್ಟೂ ಸಂಜೆಗೆ ನೋವು, ಮಲಗಿದರೆ ಆರಾಮ. ಬೆರಳ ತುದಿಯ ಗೆಣ್ಣುಗಳಲ್ಲಿ ಗಟ್ಟಿ ಗಂಟುಗಳೂ ಕಂಡವು.

ಆಸ್ಟಿಯೋಆರ್ಥ್ರೈಟಿಸ್, ಅಂದರೆ ನಾವು ಮಂಡಿ ಸವೆತ ಎನ್ನುವುದು, ಸಾಮಾನ್ಯವಾಗಿ ಹೀಗೇ ಕಾಣಿಸಿಕೊಳ್ಳುತ್ತದೆ. 45 ದಾಟಿದವರಿಗೆ ಓಡಾಡಿದರೆ ನೋವು, ಬೆಳಗಿನ ಬಿಗಿತ 30 ನಿಮಿಷದೊಳಗೆ ಮಾಯ ಎಂದಿದ್ದರೆ ವೈದ್ಯರು ಎಷ್ಟೋ ಸಲ ಎಕ್ಸ್‌ರೇ ಇಲ್ಲದೆಯೂ ಗುರುತಿಸುತ್ತಾರೆ. ಬಿಗಿತ ಗಂಟೆ ದಾಟಿ, ಎರಡೂ ಕೈಗಳ ಮಣಿಕಟ್ಟು, ಬೆರಳ ಬುಡ ಊದಿದ್ದರೆ ರುಮಟಾಯ್ಡ್ ಆರ್ಥ್ರೈಟಿಸ್ ಎಂಬ ಇನ್ನೊಂದು ಬಗೆಯ ಕೀಲು ಕಾಯಿಲೆ ಇರಬಹುದು, ಅದರ ಚಿಕಿತ್ಸೆಯೇ ಬೇರೆ. ಮಂಡಿ ಕೆಂಪಾಗಿ, ಬಿಸಿಯಾಗಿ, ಜ್ವರವೂ ಬಂದರೆ ಅವತ್ತೇ ಆಸ್ಪತ್ರೆಗೆ ಹೋಗಬೇಕು.

ಆಪ್ತಸಲಹೆಗಾರ್ತಿಗೆ ಮಂಡಿಯ ಉಸಾಬರಿ ಯಾಕೆ ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ಕಾಯಿಲೆಗೆ ಹೆಸರಿಟ್ಟು ಔಷಧಿ ಬರೆದವಳು ನಾನಲ್ಲ, ಮೂಳೆ ವೈದ್ಯರಲ್ಲಿಗೆ ಕಳಿಸಿದೆ ಅಷ್ಟೆ. ಆದರೆ ಕಕ್ಕಸಿಗೆ ಹೆದರಿ ಮನೆಯಲ್ಲಿ ಕೂತವರಿಗೆ ದುಃಖ ನಿಭಾಯಿಸುವ ಪಾಠ ಮಾಡುವುದು ನನ್ನಿಂದಾಗದು. ಹಾಗೆಂದು ಮಾತುಕತೆ ನಿಲ್ಲಿಸಲಿಲ್ಲ. ಬಹುಕಾಲದ ನೋವು ಮನಸ್ಸನ್ನೂ ಕುಗ್ಗಿಸುತ್ತದೆ.

ನಡೆದರೆ ಇನ್ನಷ್ಟು ಸವೆಯುತ್ತದೆಂದು ಪಕ್ಕದ ಮನೆಯವರು ಹೆದರಿಸಿದ್ದರಂತೆ. ಅದು ಉಲ್ಟಾ, ಕೂತಷ್ಟೂ ತೊಡೆಯ ಸ್ನಾಯು ಸೊರಗಿ ಭಾರವೆಲ್ಲ ಮಂಡಿಗೆ ಬೀಳುತ್ತದೆ. ಫಿಸಿಯೋಥೆರಪಿಸ್ಟ್ ಕಲಿಸುವ ವ್ಯಾಯಾಮವನ್ನು ದಿನಾ ಮಾಡಿ ಎಂದೆ. ಬಿಪಿ ಇದ್ದೂ ಮೆಡಿಕಲ್ ಶಾಪಿನಿಂದ ನೋವಿನ ಮಾತ್ರೆ ತಂದು ನುಂಗುತ್ತಿದ್ದರು. ಅದು ಬಿಪಿಯನ್ನೂ ಏರಿಸಬಹುದು, ಕಿಡ್ನಿಗೂ ಪೆಟ್ಟು, ವೈದ್ಯರನ್ನು ಕೇಳದೆ ಬೇಡ ಎಂದೆ.

ಮನೆಗೆ ಕಮೋಡ್ ಕುರ್ಚಿ ತರುವುದು, ಗೋಡೆಗೆ ಹಿಡಿಕೆ ಹಾಕಿಸುವುದು ಮಗನ ಪಾಲಿಗೆ ಬಂತು. ಜೊತೆಗೆ, ಇನ್ನು ಲಗ್ನಪತ್ರಿಕೆ ಬಂದಾಗೆಲ್ಲ ಛತ್ರಕ್ಕೆ ಫೋನ್ ಮಾಡಿ 'ಕಮೋಡ್ ಇದೆಯಾ' ಎಂದು ಮೊದಲೇ ಕೇಳುವ ಕೆಲಸವನ್ನೂ ಅವರಿಗೇ ಒಪ್ಪಿಸಿದೆ. ಅವರಿಗೆ ಮುಜುಗರವಾಯಿತು. ಆಗಲಿ ಎಂದೇ ಹೇಳಿದ್ದು.