ಕೊಡಗಿನ ಹೋಮ್‌ಸ್ಟೇ ಊಟದಲ್ಲಿ ಸಿಗಡಿ ಅಂಶ ಇದೆಯಾ ಅಂತ ಸೆನ್ಸರ್ ಇಟ್ಟು ನೋಡಬಹುದಾ?

ನಿಮಗೆ ಸಿಗಡಿ ಅಲರ್ಜಿ. ಮಳೆಗಾಲದಲ್ಲಿ ಮಡಿಕೇರಿಗೆ ಬರ್ತಿದ್ದೀರಿ, ಎಲೆಕ್ಟ್ರೋಕೆಮಿಕಲ್ ಬಯೋಸೆನ್ಸರ್ (ಕರೆಂಟಿನ ಏರಿಳಿತ ನೋಡಿ ಪ್ರೋಟೀನ್ ಪತ್ತೆ ಹಚ್ಚುವ ಪುಟ್ಟ ಸಾಧನ) ನಂಬಿ ಊಟ ಮಾಡಬಹುದಾ ಅಂತ ಕೇಳಿದ್ದೀರಿ. ನಾನು ವಿರಾಜಪೇಟೆ ಕಡೆಯವಳು, ಕೆಲಸ ಆಹಾರ ಪರೀಕ್ಷೆಯ ಲ್ಯಾಬಿನಲ್ಲಿ. ಅದೊಂದನ್ನೇ ನಂಬಿ ತಟ್ಟೆಗೆ ಕೈ ಹಾಕಬೇಡಿ.

ಸೆನ್ಸರ್ ಏನೂ ಸುಳ್ಳಲ್ಲ. ಶುಗರ್ ನೋಡುವ ಸ್ಟ್ರಿಪ್ಪಿನ ದಾಯಾದಿ ಅನ್ನಿ. ಪುಟ್ಟ ಕಾರ್ಬನ್ ಎಲೆಕ್ಟ್ರೋಡ್ ಮೇಲೆ ಆ್ಯಂಟಿಬಾಡಿ, ಅಂದರೆ ತನಗೆ ಹೊಂದುವ ಪ್ರೋಟೀನನ್ನು ಗುರುತಿಸಿ ಹಿಡಿಯುವ ಅಣು, ಕೂರಿಸಿರುತ್ತಾರೆ. ಸಿಗಡಿ, ಏಡಿಯ ಮಾಂಸದಲ್ಲಿರುವ ಟ್ರೋಪೋಮಯೋಸಿನ್ ಅನ್ನೋ ಪ್ರೋಟೀನನ್ನು ಅದು ಹಿಡಿದುಕೊಳ್ಳುತ್ತದೆ. ಹಿಡಿದಷ್ಟೂ ಎಲೆಕ್ಟ್ರೋಡಿನ ಮೈ ಮುಚ್ಚುತ್ತದೆ, ದ್ರಾವಣದಲ್ಲಿ ಕರೆಂಟ್ ಹುಟ್ಟಿಸಲೆಂದೇ ಹಾಕಿದ ಫೆರಿಸಯನೈಡ್ ಅನ್ನೋ ರಾಸಾಯನಿಕಕ್ಕೆ ದಾರಿ ಸಿಗದೆ ಕರೆಂಟ್ ಇಳಿಯುತ್ತದೆ. ಎಷ್ಟು ಇಳಿಯಿತು ಅನ್ನೋದೇ ಲೆಕ್ಕ.

ತಕರಾರು ಶುರುವಾಗೋದು ನಮ್ಮ ಸಾರಿನಲ್ಲಿ. ಕಾಚಂಪುಳಿಯ (ನಮ್ಮ ಕೊಡಗಿನ ಕಪ್ಪು ವಿನೆಗರ್) ಹುಳಿ ಜಾಸ್ತಿಯಾದರೆ ಆ್ಯಂಟಿಬಾಡಿಯ ಹಿಡಿತ ಸಡಿಲವಾಗುತ್ತದೆ. ಅರಿಶಿನದ ಕರ್ಕ್ಯುಮಿನ್ ಎಲೆಕ್ಟ್ರೋಡಿನ ಮೇಲೆ ತಾನೇ ಕರೆಂಟ್ ಹುಟ್ಟಿಸುತ್ತದೆ. ಎಣ್ಣೆ, ತೆಂಗಿನ ಹಾಲಿನ ಜಿಡ್ಡು ಅಂಟಿದರೆ, ಸಿಗಡಿ ಇಲ್ಲದಿದ್ದರೂ ಕರೆಂಟ್ ಇಳಿಯುತ್ತದೆ. ಅದಕ್ಕೇ ಲ್ಯಾಬಿನಲ್ಲಿ ಸ್ಯಾಂಪಲ್ ಅರೆದು, ಹುಳಿ ಹದದಲ್ಲಿಡುವ ಬಫರ್ ದ್ರಾವಣದಲ್ಲಿ ಕಲಸಿ, ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ, ತಿಳಿಯನ್ನು ಮತ್ತೆ ತೆಳು ಮಾಡುತ್ತೇವೆ. ತೆಳು ಮಾಡಿದಷ್ಟೂ ಇದ್ದ ಚೂರು ಪ್ರೋಟೀನ್ ಹುಡುಕೋದು ಕಷ್ಟ. ಹೋಮ್‌ಸ್ಟೇ ಜಗಲಿಯಲ್ಲಿ ಕೂತು ಇದನ್ನೆಲ್ಲ ಮಾಡ್ತೀರಾ? ಮಾಡಿದರೂ ಪರೀಕ್ಷೆಯಾಗೋದು ಒಂದು ಚಮಚ, ತಿನ್ನೋದು ತಟ್ಟೆ ತುಂಬ.

ಸುಮ್ನೆ ಅಡುಗೆಯವರನ್ನೇ ಕೇಳಿ. ಆದರೆ "ಸಿಗಡಿ ಹಾಕಿದ್ದೀರಾ" ಅಂತ ಮಾತ್ರ ಕೇಳಿದರೆ ಸಾಲದು. ಮಳೆಗಾಲದಲ್ಲಿ ಗದ್ದೆ ಏಡಿಯ ಸಾರು ಇಲ್ಲಿ ಮಾಮೂಲಿ, ಸಿಗಡಿ ಆಗದ ಬಹಳ ಜನರಿಗೆ ಏಡಿಯೂ ಆಗೋದಿಲ್ಲ. ಏಡಿ ಬೇಯಿಸಿದ ಪಾತ್ರೆ, ಅದೇ ಸೌಟು, ಕರಿದ ಎಣ್ಣೆ, ಮೀನಂಗಡಿಯಲ್ಲಿ ಮೀನು, ಸಿಗಡಿ ಎರಡನ್ನೂ ಕತ್ತರಿಸುವ ಒಂದೇ ಹಲಗೆ, ಇವನ್ನೆಲ್ಲ ವಿಚಾರಿಸಿ. ಚೆನ್ನಾಗಿ ಕುದಿಸಿದ್ದೀವಿ ಅಂದರೆ ಒಪ್ಪಬೇಡಿ, ಈ ಪ್ರೋಟೀನ್ ಕುದಿಸಿದರೂ ಹೋಗೋದಿಲ್ಲ. ಪ್ಯಾಕೆಟ್ ತಿಂಡಿಯಾದರೆ ಸುಲಭ: ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ 2020ರ ಲೇಬಲ್ ನಿಯಮದ ಪ್ರಕಾರ ಸಿಗಡಿ-ಏಡಿ ಜಾತಿಯ ಪದಾರ್ಥ ಇದ್ದರೆ ಬರೆದಿರಲೇಬೇಕು. ಸಂತೆಯಲ್ಲಿ ಬಿಡಿಯಾಗಿ ಮಾರುವ ಒಣಮೀನಿನ ಮೇಲೆ ಲೇಬಲ್ ಎಲ್ಲಿಂದ ಬರಬೇಕು!

ಪಂದಿ ಕರಿ (ಹಂದಿ ಮಾಂಸದ ಸಾರು), ಕಡಂಬುಟ್ಟು (ಅಕ್ಕಿ ತರಿಯ ಉಂಡೆ) ಧಾರಾಳವಾಗಿ ತಿನ್ನಿ, ಬೇರೆ ಪಾತ್ರೆಯಲ್ಲಿ ಮಾಡಿದ್ದು ಅಂತ ಖಾತ್ರಿಯಾದರೆ. ಏಡಿ ಬೇಯುವಾಗ ಅಡುಗೆಮನೆಗೆ ಹೋಗಬೇಡಿ, ಆ ಹಬೆಗೇ ಕೆಲವರಿಗೆ ಉಸಿರು ಕಟ್ಟುತ್ತದೆ. ಡಾಕ್ಟರ್ ತುರ್ತಿಗೆ ಇಂಜೆಕ್ಷನ್ ಬರೆದುಕೊಟ್ಟಿದ್ದರೆ ಅದನ್ನು ರೂಮಿನ ಬ್ಯಾಗಿನಲ್ಲಿ ಬಿಡದೆ ಜೇಬಿನಲ್ಲೇ ಇಟ್ಟುಕೊಳ್ಳಿ. ಇಲ್ಲಿನ ತೋಟದ ಮನೆಗಳಿಂದ ಆಸ್ಪತ್ರೆ ದೂರ.