ಸಣ್ಣಪುಟ್ಟದಕ್ಕೂ ಟೆನ್ಷನ್ ಆಗುತ್ತದೆ. ಮಾತ್ರೆ ಇಲ್ಲದೆ ಕಡಿಮೆ ಮಾಡಿಕೊಳ್ಳುವುದು ಹೇಗೆ?

ಆಫೀಸಿನಲ್ಲಿ ಫೋನ್ ಬಂದರೂ ಎದೆ ಡವಡವ ಅನ್ನುತ್ತದೆ, ಮನೆಗೆ ಬಂದು ಮಕ್ಕಳ ಮೇಲೆ ರೇಗುತ್ತೇನೆ, ರಾತ್ರಿ ಮಲಗಿದರೆ ನಾಳೆಯ ಕೆಲಸವೇ ತಲೆಯಲ್ಲಿ ಸುತ್ತುತ್ತದೆ ಅಂತ ಬರೆದಿದ್ದೀರಿ. ನಾನು ಡಾಕ್ಟರ್ ಅಲ್ಲ. ಮೈಸೂರಿನ ಸರಸ್ವತಿಪುರಂನಲ್ಲಿ ಹೆಂಗಸರ ಬಟ್ಟೆ ಹೊಲಿಯುವ ಸಣ್ಣ ಅಂಗಡಿ ಇಟ್ಟುಕೊಂಡಿದ್ದೇನೆ. ನೀವು ಬರೆದ ಮೂರೂ ನನಗೆ ಆಗಿದೆ, ಅದಕ್ಕೇ ಉತ್ತರ ಬರೆಯಬೇಕು ಅನ್ನಿಸಿತು.

ನಮಗೆ ವರಮಹಾಲಕ್ಷ್ಮಿ ಹಬ್ಬಕ್ಕೆ ಶುರುವಾದ ಓಟ ದೀಪಾವಳಿ ಮುಗಿಯುವ ತನಕ ನಿಲ್ಲುವುದಿಲ್ಲ. ನಡುವೆ ಗೌರಿ ಹಬ್ಬ, ಆಮೇಲೆ ದಸರಾ. ಈಗಂತೂ ನವರಾತ್ರಿಗೆ ದಿನಕ್ಕೊಂದು ಬಣ್ಣದ ಸೀರೆ ಉಡುತ್ತಾರೆ, ಒಬ್ಬೊಬ್ಬರದೇ ಮೂರು ನಾಲ್ಕು ಬ್ಲೌಸ್ ಇರುತ್ತದೆ. ಮೂರು ವರ್ಷದ ಹಿಂದೆ ದಸರಾಕ್ಕೆ ನಾಲ್ಕು ದಿನ ಇದೆ ಅನ್ನುವಾಗ ಒಬ್ಬರ ರೇಷ್ಮೆ ಸೀರೆಯ ಬ್ಲೌಸ್ ಪೀಸ್ ಕತ್ತರಿಸುತ್ತಿದ್ದೆ. ಅಳತೆ ತಪ್ಪಿ ತೋಳು ಎರಡು ಇಂಚು ಗಿಡ್ಡವಾಯಿತು. ಸೀರೆಯ ಜೊತೆಗೇ ಬಂದ ಬಟ್ಟೆ ಅದು, ಅಂಗಡಿಗೆ ಹೋಗಿ ಇನ್ನೊಂದು ತರುವ ಹಾಗಿಲ್ಲ. ಬೆವರು ಕಿತ್ತುಕೊಂಡು ಬಂತು. ಬೇರೆ ಕೆಲಸ ಮಾಡೋಣ ಅಂತ ಮೆಷಿನ್ ಮುಂದೆ ಕೂತರೆ ಸೂಜಿಗೆ ದಾರ ಪೋಣಿಸಲಾಗುತ್ತಿಲ್ಲ. ದಾರದ ತುದಿ ಒದ್ದೆ ಮಾಡಿ ಮಾಡಿ ಹಾಕಿದರೂ ಕಣ್ಣಿನ ಪಕ್ಕಕ್ಕೇ ಹೋಗುತ್ತಿತ್ತು, ಕೈ ಅಷ್ಟು ನಡುಗುತ್ತಿತ್ತು.

ಪಕ್ಕದಲ್ಲಿ ಸೀರೆಗೆ ಫಾಲ್ಸ್ ಹಾಕುವ ಅಕ್ಕ ಒಬ್ಬರಿದ್ದಾರೆ. ಅವರು ನನ್ನ ಕೈಯಿಂದ ದಾರ ತೆಗೆದಿಟ್ಟು, "ಮೊದಲು ಉಸಿರು ಬಿಡು. ಎಳ್ಕೋಬೇಡ, ಬಿಡು" ಅಂದರು. ಅವರಿಗೆ ಅದು ತಮ್ಮ ಅಜ್ಜಿಯಿಂದ ಬಂದ ಮಾತು. ಆಮೇಲೆ ಓದಿ ತಿಳಿದುಕೊಂಡೆ, ನಾವು ಉಸಿರು ಹೊರಗೆ ಬಿಡುವಾಗ ಹೃದಯದ ಬಡಿತ ಸ್ವಲ್ಪ ನಿಧಾನವಾಗುತ್ತದೆ. ಮೆದುಳಿನಿಂದ ಹೃದಯಕ್ಕೆ ಇಳಿಯುವ ವೇಗಸ್ ಅನ್ನುವ ನರದ ಕೆಲಸ ಅದು. ಅದಕ್ಕೇ ಬಿಡುವ ಉಸಿರು ಎಳೆಯುವುದಕ್ಕಿಂತ ಉದ್ದ ಇರಬೇಕು. ಮೂಗಿನಲ್ಲಿ ನಾಲ್ಕು ಎಣಿಸುವಷ್ಟು ಹೊತ್ತು ಎಳೆಯಿರಿ, ಏಳು ಎಣಿಸುವಷ್ಟು ಹೊತ್ತು ನಿಧಾನವಾಗಿ ಬಿಡಿ. ಹತ್ತು ಸಲ ಮಾಡಿದರೆ ಹೆಚ್ಚುಕಡಿಮೆ ಎರಡು ನಿಮಿಷ. ಗಾಬರಿಯಲ್ಲಿ ಜೋರಾಗಿ, ಬೇಗ ಬೇಗ ಉಸಿರಾಡಿದರೆ ತಲೆ ಸುತ್ತುತ್ತದೆ, ಹಾಗೆ ಮಾಡಬೇಡಿ. ನಿಮ್ಮ ಫೋನ್ ರಿಂಗಾದಾಗ ಕೂಡಲೇ ಎತ್ತಬೇಡಿ. ಇಂಥದ್ದೊಂದು ಉಸಿರು ಬಿಟ್ಟು ಎತ್ತಿ.

ಆ ಬ್ಲೌಸಿಗೆ ಬೇರೆ ಬಣ್ಣದ ಬಟ್ಟೆಯ ಪಟ್ಟಿ ಜೋಡಿಸಿದೆ. ಅವರಿಗೆ ನಡೆದದ್ದನ್ನು ನಡೆದ ಹಾಗೇ ಹೇಳಿದೆ, ಹೊಲಿಗೆ ದುಡ್ಡು ತೆಗೆದುಕೊಳ್ಳಲಿಲ್ಲ. ಬೈದರು, ಆದರೆ ಉಟ್ಟುಕೊಂಡರು.

ಆದರೆ ಉಸಿರಾಟದಿಂದ ಆ ಗಳಿಗೆ ದಾಟಬಹುದು ಅಷ್ಟೇ. ಅವತ್ತು ನನ್ನ ಕೈ ತಪ್ಪಿದ್ದು ಯಾಕೆ? ಬಂದವರಿಗೆಲ್ಲ "ಆಯ್ತು, ಕೊಡ್ತೀನಿ" ಅಂದಿದ್ದೆ. ಯಾರಿಗೆ ಯಾವತ್ತು ಅನ್ನುವುದೆಲ್ಲ ತಲೆಯಲ್ಲೇ ಇತ್ತು. ಈಗ ಒಂದು ನೋಟ್‌ಬುಕ್ ಇದೆ. ದಿನಕ್ಕೆ ಆರು ಬ್ಲೌಸ್, ಆ ಪುಟ ತುಂಬಿದ ಮೇಲೆ ಬಂದವರಿಗೆ "ಹಬ್ಬಕ್ಕೆ ಮುಂಚೆ ಆಗಲ್ಲಮ್ಮ" ಅನ್ನುತ್ತೇನೆ. ಮೊದಲ ವರ್ಷ ಹಾಗನ್ನಲು ನಾಲಿಗೆ ಏಳುತ್ತಿರಲಿಲ್ಲ. ಕೆಲವರು ಬೇರೆ ಕಡೆಗೆ ಹೋದರು ನಿಜ, ಆದರೆ ಜಾಸ್ತಿ ಜನ ಕಾದರು. ನಿಮಗೆ ಮೇಲಿನವರಿಗೆ ಆಗಲ್ಲ ಅನ್ನುವುದು ಕಷ್ಟ ಇರಬಹುದು, ಅಲ್ವಾ? ಆಗ "ಸರ್, ಇವೆರಡರಲ್ಲಿ ಯಾವುದು ಮೊದಲು ಬೇಕು?" ಅಂತ ಕೇಳಿ. ಸಂಜೆ ಏಳುವ ಮುಂಚೆ ನಾಳೆಯ ಕೆಲಸ ಒಂದು ಹಾಳೆಯಲ್ಲಿ ಬರೆದು ಟೇಬಲ್ ಮೇಲೇ ಬಿಟ್ಟು ಬನ್ನಿ. ನನ್ನ ರಾತ್ರಿ ನಿದ್ದೆಗೆ ಜಾಸ್ತಿ ಸಹಾಯ ಮಾಡಿದ್ದು ಇದೇ.

ನಮ್ಮ ಮೆಷಿನ್ನಿನಲ್ಲಿ ದಾರದ ಬಿಗಿ ಹಿಡಿಯುವ ತಿರುಪಿಗೂ ಟೆನ್ಷನ್ ಅಂತಲೇ ಹೆಸರು. ಜಾಸ್ತಿ ಬಿಗಿಯಾದರೆ ದಾರ ಕಿತ್ತುಹೋಗುತ್ತದೆ. ಪೂರ್ತಿ ಸಡಿಲ ಬಿಟ್ಟರೆ ಬಟ್ಟೆಯ ಅಡಿಯಲ್ಲಿ ದಾರ ಗೋಜಲಾಗುತ್ತದೆ, ಹೊಲಿಗೆ ಕೂರುವುದಿಲ್ಲ. ಬಟ್ಟೆ ಬದಲಾದರೆ ತಿರುಪನ್ನೂ ಸ್ವಲ್ಪ ತಿರುಗಿಸಬೇಕು. ಹಾಗಾಗಿ ಟೆನ್ಷನ್ನೇ ಇಲ್ಲದ ಹಾಗೆ ಮಾಡಿಕೊಳ್ಳಲು ಹೊರಡಬೇಡಿ.

ಕಾಫಿ ನೋಡಿಕೊಳ್ಳಿ. ಕುಡಿದ ಕೆಫೀನಿನಲ್ಲಿ ಅರ್ಧ ಮೈಯಿಂದ ಹೋಗಲು ಸುಮಾರು 5 ಗಂಟೆ ಬೇಕು. ಸಂಜೆ ಆರಕ್ಕೆ ಕುಡಿದ ಫಿಲ್ಟರ್ ಕಾಫಿ ಹನ್ನೊಂದಕ್ಕೂ ಅರ್ಧ ಒಳಗೇ ಇರುತ್ತದೆ. ನಾನು ಮಧ್ಯಾಹ್ನದ ಮೇಲೆ ಬಿಟ್ಟಿದ್ದೇನೆ.

ಇನ್ನು ನಡಿಗೆ. ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾಗಿ ನಡೆಯುವಷ್ಟು ವ್ಯಾಯಾಮ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂದರೆ ಐದು ದಿನ, ಅರ್ಧರ್ಧ ಗಂಟೆ. ನಾನು ಬೆಳಗ್ಗೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಹೋಗುತ್ತೇನೆ, ಫೋನ್ ಮನೆಯಲ್ಲೇ. ಹೆಜ್ಜಾರ್ಲೆಗಳು ನೀರಿನ ಮೇಲೆ ತೇಲುತ್ತಾ, ಕೊಕ್ಕಿನ ಕೆಳಗಿನ ಚೀಲ ಬಿಚ್ಚಿ ಮೀನು ಹಿಡಿಯುತ್ತವೆ. ಹಿಡಿದ ಮೇಲೆ ಕೊಕ್ಕು ಮೇಲೆತ್ತಿ ನುಂಗುವ ತನಕ ನೋಡುತ್ತಾ ನಿಂತರೆ ಅಂಗಡಿ ನೆನಪಿಗೇ ಬರುವುದಿಲ್ಲ. ಭಾನುವಾರ ಆದರೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ, ನಂದಿಯ ಹತ್ತಿರ ಸುಮ್ನೆ ಕೂತು ಇಳಿದು ಬರುತ್ತೇನೆ. ಮೈಸೂರಿನಲ್ಲಿ ಇದ್ದುಕೊಂಡು ಯೋಗ ಮಾಡಲ್ವಾ ಅಂತ ಕೇಳುತ್ತಾರೆ. ಇಷ್ಟ ಇದ್ದರೆ ಖಂಡಿತ ಮಾಡಿ, ಒಳ್ಳೆಯದು. ನನಗೆ ನಡಿಗೆ ಹಿಡಿಸಿತು. ಹಿಡಿಸಿದ್ದನ್ನು ಮಾಡಿದರೆ ಮಾತ್ರ ದಿನಾ ಮಾಡುತ್ತೇವೆ.

ಮಕ್ಕಳ ವಿಷಯ. ನಾನು ಮನೆಯಲ್ಲಿ ಹೇಳಿಬಿಟ್ಟಿದ್ದೇನೆ, ಬಂದ ಮೇಲೆ ಹತ್ತು ನಿಮಿಷ ನನ್ನನ್ನು ಮಾತಾಡಿಸಬೇಡಿ ಅಂತ. ಕೈಕಾಲು ಮುಖ ತೊಳೆದು ಜಗಲಿ ಮೇಲೆ ಕೂರುತ್ತೇನೆ. ಈಗ ಮಗಳೇ ಗಡಿಯಾರ ನೋಡಿಕೊಂಡು ಬಂದು ಪಕ್ಕದಲ್ಲಿ ಕೂರುತ್ತಾಳೆ. ರೇಗಿದ ದಿನ ರಾತ್ರಿ ಮಲಗುವ ಮುಂಚೆ ಅವಳ ಹತ್ತಿರ "ತಪ್ಪಾಯ್ತು ಕಂದ" ಅನ್ನುತ್ತೇನೆ. ನೀವೂ ಹೇಳಿ, ಮಕ್ಕಳಿಗೆ ಅರ್ಥವಾಗುತ್ತದೆ.

ಕೊನೆಗೆ ಒಂದು ವಿಷಯ, ದಯವಿಟ್ಟು ತಳ್ಳಿಹಾಕಬೇಡಿ. ಎದೆ ಹೊಡೆದುಕೊಳ್ಳುವುದನ್ನೆಲ್ಲ ಟೆನ್ಷನ್ ಅಂದುಕೊಳ್ಳಬೇಡಿ. ಥೈರಾಯ್ಡ್ ಜಾಸ್ತಿಯಾದರೂ, ರಕ್ತ ಕಡಿಮೆಯಾದರೂ ಹಾಗಾಗುತ್ತದೆ, ಒಮ್ಮೆ ಡಾಕ್ಟರಿಗೆ ತೋರಿಸಿ. ಮೆಡಿಕಲ್ ಸ್ಟೋರಿನಲ್ಲಿ ಕೇಳಿ ನಿದ್ದೆ ಮಾತ್ರೆ ತರಬೇಡಿ. ಡಾಕ್ಟರ್ ನೋಡಿ ಮಾತ್ರೆ ಬರೆದರೆ ಅದರಲ್ಲಿ ನಾಚಿಕೆ ಏನೂ ಇಲ್ಲ. ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಬದುಕೇ ಬೇಡ ಅನ್ನಿಸಿದರೆ, ಆ ಹೊತ್ತಿನಲ್ಲೇ 14416ಕ್ಕೆ ಫೋನ್ ಮಾಡಿ. 2022ರಲ್ಲಿ ಶುರುವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಅದು. ನಡುರಾತ್ರಿಯಲ್ಲೂ ಎತ್ತುತ್ತಾರೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.